ಎಂಜಿನ್ ದಾಟಿದ ಮೇಲೆ

ಬೇಸಿಗೆಯ ಮಧ್ಯಾಹ್ನ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಬೇಡಿ ಎಂದು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾವು ಐದು ಜನ ಮಾತ್ರ ತಿಂಗಳ ಎರಡನೇ ಶನಿವಾರ ಅಲ್ಲಿಗೇ ಹೋಗುತ್ತೇವೆ. ನಮ್ಮಲ್ಲೊಬ್ಬ ಬ್ಯಾಂಕಿನವನು, ಅವನಿಗೆ ಅಂದು ರಜೆ ಎಂಬುದು ಒಂದು ಕಾರಣ. ಇಬ್ರಾಹಿಂ ಸಾಹೇಬ್ ಬೀದಿಯ ಕಡೆಗಿರುವ ಒಂದು ಮಹಡಿ ಹೋಟೆಲಿನಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ ಎಂಬುದು ಇನ್ನೊಂದು. ಕೆಳಗೆ ಬಟ್ಟೆ ಅಂಗಡಿಗಳ ಹುಡುಗರು ಹೋಗಿ ಬರುವವರ ಮುಖ ನೋಡಿ, ಕನ್ನಡ, ಉರ್ದು, ತಮಿಳು ಮೂರರಲ್ಲಿ ಯಾವುದು ಸರಿಹೋದೀತೆಂದು ಅಂದಾಜು ಮಾಡಿ ಕೂಗುತ್ತಿರುತ್ತಾರೆ. ರಸ್ತೆಗೆ ಹಾಸಿದ ಕಲ್ಲು ಕಾದು ಚಪ್ಪಲಿಯ ಅಡಿಯಿಂದಲೇ ಬಿಸಿ ತಾಗುತ್ತದೆ. ಮೇಲೆ ಒಂದು ಫ್ಯಾನು, ಒಂದು ಕಿಟಕಿ, ಬೈ ಟೂ ಟೀ.

ನಮ್ಮನ್ನು ಒಂದು ಮೇಜಿಗೆ ತಂದದ್ದು ರೈಲು. ಹಲಸೂರಿನಿಂದ ಬರುವ ನಿವೃತ್ತ ಕನ್ನಡ ಮೇಷ್ಟ್ರು. ಇಂದಿರಾನಗರದ ಬ್ಯಾಂಕಿನವನು. ಕೆ.ಆರ್. ಪುರದಲ್ಲಿ ಮನೆ ಮಾಡಿರುವ ಒಬ್ಬ ಎಂಜಿನಿಯರ್ ಹುಡುಗಿ. ಅಲ್ಲಿಯ ಡೀಸೆಲ್ ಶೆಡ್ಡಿನ ಸದ್ದು ರಾತ್ರಿ ಕೇಳಿಸುತ್ತದೆ ಎಂಬ ಕಾರಣಕ್ಕೆ ಆ ಮನೆ ಹಿಡಿದೆ ಎಂದು ಅವಳು ಹೇಳುವುದು ತಮಾಷೆಗಲ್ಲ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ, ಫೈರ್‌ಮನ್ ಒಬ್ಬರ ಮಗನಾದ ಗೆಳೆಯ. ಮತ್ತೆ ನಾನು. ನಮ್ಮ ಮಾತುಗಳಿಗೆ ತಲೆ ಬುಡ ಇರುವುದಿಲ್ಲ. ಆಲ್ಕೋ ಎಂಜಿನ್ ನಿಂತಲ್ಲೇ ಗುಡುಗುಡು ಅನ್ನುವುದು ಚೆಂದವೋ, ಹೊರಡುವಾಗ ಕಪ್ಪು ಹೊಗೆ ಉಗುಳುವುದು ಚೆಂದವೋ ಎಂದು ಒಂದು ಗಂಟೆ ವಾದ ಮಾಡಿದ್ದೇವೆ. 1964ರಲ್ಲಿ ಶುರುವಾದ ಬೃಂದಾವನ ಎಕ್ಸ್‌ಪ್ರೆಸ್ಸಿನ ವಿಷಯಕ್ಕೆ ಬ್ಯಾಂಕಿನವನೂ ಮೇಷ್ಟ್ರೂ ಒಮ್ಮೆ ಎರಡು ತಿಂಗಳು ಮಾತು ಬಿಟ್ಟಿದ್ದರು.

ಕಳೆದ ಬೇಸಿಗೆಯ ಅಂಥ ಒಂದು ಮಧ್ಯಾಹ್ನ ನಾನು ನನ್ನ ಹಳೆಯ ವಿಡಿಯೊ ಒಂದನ್ನು ತೋರಿಸುತ್ತಿದ್ದೆ. ಹತ್ತು ಹನ್ನೆರಡು ವರ್ಷ ಹಿಂದೆ ದಂಡು ನಿಲ್ದಾಣದಲ್ಲಿ ತೆಗೆದದ್ದು. ಸಂಜೆ ಬೆಳಕು, ಮಾರಿಕುಪ್ಪಂ ಕಡೆಯ ಪ್ಯಾಸೆಂಜರ್, ಮುಂದೆ ಒಂದು ಹಳೆಯ ಡೀಸೆಲ್ ಎಂಜಿನ್. ಅದು ನಿಧಾನಕ್ಕೆ ಸದ್ದು ಏರಿಸಿಕೊಂಡು ಕ್ಯಾಮೆರಾದ ಮುಂದೆ ಹಾದು ಹೋಗುವ ನಲವತ್ತು ಸೆಕೆಂಡು. ನಾನು ತೆಗೆದವುಗಳಲ್ಲೆಲ್ಲ ಅದೇ ಒಳ್ಳೆಯದು ಎಂದು ನನ್ನ ಎಣಿಕೆ. ಗೆಳೆಯರೂ ಒಪ್ಪಿದ್ದಾರೆ.

ಕೆಳಗಿನ ಬಟ್ಟೆ ಅಂಗಡಿಯ ಸೇಲ್ಸ್‌ಮನ್ ಒಬ್ಬರು ಆ ಹೊತ್ತಿಗೆ ಟೀ ಕುಡಿಯಲು ಮೇಲೆ ಬರುತ್ತಾರೆ. ಐವತ್ತು ದಾಟಿದವರು, ಕೆ.ಜಿ.ಎಫ್‌ನವರು. ನಮಗೆ ಮುಖ ಪರಿಚಯ. ಅವರು ಹಿಂದೆ ನಿಂತು ಬಗ್ಗಿ ನೋಡಿದರು.

"ಅರೆ, ನಮ್ಮ ಗಾಡಿ ಸಾರ್!" ಎಂದರು. ನನಗೆ ಹಿಗ್ಗಾಯಿತು. ಮತ್ತೊಮ್ಮೆ ಹಾಕಿ ತೋರಿಸಿದೆ. ಮುಗಿದ ಮೇಲೆ ಅವರು ಇನ್ನೂ ಫೋನಿನ ಕಡೆಗೇ ನೋಡುತ್ತಿದ್ದರು.

"ಮುಗೀತಾ ಸಾರ್? ಜನ ಇರೋ ಡಬ್ಬಿ ಬರೋದ್ರೊಳಗೆ ನಿಲ್ಸ್‌ಬಿಟ್ಟಿದ್ದೀರಲ್ಲ."

ಆಕ್ಷೇಪ ಏನಿಲ್ಲ, ಇದ್ದದ್ದನ್ನು ಹೇಳಿದರು, ಅಷ್ಟೇ. ಆಮೇಲೆ, ಸೀಸನ್ ಶುರುವಾದರೆ ಅಂಗಡಿಯವರು ಬೇಗ ಬಿಡುವುದಿಲ್ಲ, ತಾನು ದಿನಾ ಹೋಗುವ ಗಾಡಿ ತಪ್ಪಿದರೆ ಅದರ ಹಿಂದೆ ಬಂಗಾರಪೇಟೆವರೆಗಾದರೂ ಹೋಗುವ ಬೇರೆ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದರು. "ನಿಮಗೆಲ್ಲ ಗೊತ್ತಿರ್ತದಲ್ಲ ಸಾರ್, ಟ್ರೈನ್ ವಿಷಯ."

ನಮ್ಮ ಐವರಿಗೂ ಗೊತ್ತಿರಲಿಲ್ಲ. ಕೃಷ್ಣರಾಜಪುರದ ಶೆಡ್ಡಿನಲ್ಲಿ ಯಾವ ಸರಣಿಯ ಎಂಜಿನ್‌ಗಳಿವೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವರು ನಾವು. ಎರಡು ಕಿಲೋಮೀಟರಿನಷ್ಟು ದೂರದ ನಿಲ್ದಾಣದಿಂದ ಈ ಮನುಷ್ಯ ಮನೆಗೆ ಹೋಗುವ ಗಾಡಿಯ ಹೊತ್ತು ಮಾತ್ರ ಒಬ್ಬರ ಬಾಯಲ್ಲೂ ಇರಲಿಲ್ಲ. ಎಂಜಿನಿಯರ್ ಹುಡುಗಿ ಫೋನಿನಲ್ಲಿ ಹುಡುಕಿ ಹೇಳಿದಳು. ಅವರು ಥ್ಯಾಂಕ್ಸ್ ಹೇಳಿ ಲೋಟ ಇಟ್ಟು ಇಳಿದು ಹೋದರು.

ಅಂದು ನಮ್ಮ ಹರಟೆ ಮತ್ತೆ ಆಲ್ಕೋಗೆ ಹಿಂದಿರುಗಲಿಲ್ಲ.

*

ಮೊದಲು ಬಾಯಿ ಬಿಟ್ಟವನು ಬ್ಯಾಂಕಿನವನು. "ಇದರಲ್ಲಿ ಪೆಚ್ಚಾಗೋದು ಏನಿದೆ? ಹೂವು ನೋಡಿದಾಗೆಲ್ಲ ಗೊಬ್ಬರ ನೆನೀಬೇಕಾ? ನಾವು ಎಂಜಿನ್ ಇಷ್ಟಪಡ್ತೀವಿ. ಅದರಿಂದ ಯಾರಿಗೆ ಏನು ನಷ್ಟ?"

ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮ ರೈಲು ಹುಚ್ಚಿನಿಂದ ಯಾರ ಸೀಟೂ ಹೋಗಲಿಲ್ಲ, ಯಾರ ಗಾಡಿಯೂ ತಡವಾಗಲಿಲ್ಲ. ಏನನ್ನೂ ಬೇಡದೆ ಒಂದು ವಸ್ತುವನ್ನು ಸುಮ್ಮನೆ ನೋಡಿ ಸಂತೋಷಪಡುವುದಕ್ಕಿಂತ ನಿರಪಾಯದ ಸಂತೋಷ ಇನ್ನೇನಿದೆ? 1790ರಲ್ಲಿ ಕಾಂಟ್ ಸೌಂದರ್ಯದ ಬಗ್ಗೆ ಬರೆದ ದೊಡ್ಡ ಗ್ರಂಥದ ಆರಂಭದಲ್ಲೇ ಈ ಮಾತಿದೆ. ಒಂದು ವಸ್ತು ನನಗೆ ಉಪಯೋಗವೋ ಅಲ್ಲವೋ ಎಂಬ ಲೆಕ್ಕವನ್ನು ಬಿಟ್ಟು, ಅದರ ರೂಪವನ್ನು ನೋಡಿ ಆಗುವ ಸಂತೋಷವೇ ಶುದ್ಧವಾದ ಸೌಂದರ್ಯಾನುಭವ ಎಂಬುದು ಅವನ ವಾದ. ಆ ಲೆಕ್ಕದಲ್ಲಿ ಮಾರಿಕುಪ್ಪಂ ಗಾಡಿಯನ್ನು ಚೆನ್ನಾಗಿ ನೋಡಬಲ್ಲವನು ಅದರಲ್ಲಿ ಹೋಗಬೇಕಾಗಿಲ್ಲದ ನಾನೇ ಹೊರತು, ಓಡಿ ಬಂದು ಹತ್ತುವವರಲ್ಲ.

ಮೇಷ್ಟ್ರು ಕಾಂಟನ ಉದಾಹರಣೆಯನ್ನೇ ತೆಗೆದರು. ಅಲ್ಲೊಂದು ಅರಮನೆ ಬರುತ್ತದೆ. ಈ ಅರಮನೆ ಚೆನ್ನಾಗಿದೆಯೇ ಎಂದು ಯಾರೋ ಕೇಳುತ್ತಾರೆ. ಪ್ಯಾರಿಸ್ಸಿನಲ್ಲಿ ನನಗೆ ಹಿಡಿಸಿದ್ದು ಊಟದಂಗಡಿಗಳು ಮಾತ್ರ ಎಂದ ಅಮೆರಿಕದ ಮೂಲನಿವಾಸಿ ಮುಖಂಡನಂತೆ ಉತ್ತರ ಕೊಡಬಹುದು. ಇಂಥ ಬೇಡದ ವೈಭವಕ್ಕೆ ಜನರ ಬೆವರು ಸುರಿಸುವ ದೊಡ್ಡವರನ್ನು ರೂಸೋನಂತೆ ಬಯ್ಯಬಹುದು. ಕಾಂಟ್ ಎರಡನ್ನೂ ಒಪ್ಪುತ್ತಾನೆ. ಒಪ್ಪಿ, ಕೇಳಿದ ಪ್ರಶ್ನೆ ಅದಲ್ಲ, ನೋಡಲು ಚೆನ್ನಾಗಿದೆಯೇ ಎಂಬುದಷ್ಟೇ ಎನ್ನುತ್ತಾನೆ.

"ಸರಿ, ಪ್ರಶ್ನೆ ಬೇರೆ ಬೇರೆ," ಎಂದರು ಮೇಷ್ಟ್ರು. "ಆದರೆ ಎರಡನೇ ಪ್ರಶ್ನೆ ಕೇಳಲೇಬಾರದು ಅಂತ ಅವನು ಎಲ್ಲಿ ಹೇಳಿದ? ಬೇರ್ಪಡಿಸಿದ, ಅಷ್ಟೇ. ನಾವು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆದುಬಿಟ್ಟಿದ್ದೀವಿ."

ನನಗೆ ಅವತ್ತು ಹೊಳೆಯದೆ, ಮನೆಗೆ ಬಂದ ಮೇಲೆ ಹೊಳೆದದ್ದು ಇನ್ನೊಂದು. ಕಾಂಟನ ಅರಮನೆಯ ಮುಂದೆ ನಿಂತವನು ಅರಮನೆಯನ್ನು ಪೂರ್ತಿ ನೋಡಿಯೇ ಚೆನ್ನಾಗಿದೆ ಎಂದಿರುತ್ತಾನೆ. ನಾನು ರೈಲನ್ನು ಪೂರ್ತಿ ನೋಡಿರಲೇ ಇಲ್ಲ. ಎಂಜಿನ್ ದಾಟಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಿದ್ದೆ. ಹಳೆಯ ವಿಡಿಯೊಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಹಾಗೆಯೇ. ಮೊದಲ ಡಬ್ಬಿಯ ಬಾಗಿಲು ಕಾಣಿಸುವ ಹೊತ್ತಿಗೆ ಚಿತ್ರ ಕಡಿದು ಹೋಗುತ್ತದೆ. ಎಂಜಿನ್ನಿನ ಹಿಂದೆಯೇ ಬಹಳ ಸಲ ಜನರಲ್ ಡಬ್ಬಿ ಇರುತ್ತದೆ. ಬಾಗಿಲಲ್ಲಿ ಜೋತು ಬಿದ್ದ ಜನ, ಕಿಟಕಿ ಕಂಬಿಗೆ ಕಟ್ಟಿದ ಚೀಲ, ಮಡಿಲಲ್ಲಿ ಮಲಗಿದ ಮಗು. ಅವು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಚಿತ್ರ ಕೆಡುತ್ತದೆ ಎಂದು ನಾನೇ ನಿಲ್ಲಿಸಿದ್ದೆ.

*

ದಂಡು ನಿಲ್ದಾಣದ ಕಥೆಯನ್ನು ನಾವು ನೂರು ಸಲ ಹೇಳಿಕೊಂಡಿದ್ದೇವೆ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಮದರಾಸು ರೈಲ್ವೆಯ ಜೋಲಾರ್‌ಪೇಟೆ ಮಾರ್ಗವಾಗಿ. ಅದು ಬಂದು ನಿಂತದ್ದು ಅಕ್ಕಿಪೇಟೆ, ಚಿಕ್ಕಪೇಟೆಗಳ ಪೇಟೆ ಊರಿಗಲ್ಲ. 1809ರಲ್ಲಿ ಸೈನ್ಯಕ್ಕಾಗಿ ಕಟ್ಟಿದ ದಂಡಿಗೆ. ಇವತ್ತಿನ ನಿಲ್ದಾಣದ ಕನ್ನಡ ಹೆಸರಿನಲ್ಲೂ ಆ ದಂಡು ಉಳಿದಿದೆ. ಪೇಟೆಯ ಕಡೆಗೆ ರೈಲು ಬರಲು ಮೈಸೂರು ಮಾರ್ಗ ಆಗುವ ತನಕ, ಸುಮಾರು ಹದಿನೆಂಟು ವರ್ಷ ಕಾಯಬೇಕಾಯಿತು. ನಾವು ಇದನ್ನು ಹೇಳುವಾಗ ಅಭಿಮಾನದಿಂದ ಹೇಳುತ್ತೇವೆ: ನಮ್ಮ ನಿಲ್ದಾಣ ಸಿಟಿ ನಿಲ್ದಾಣಕ್ಕಿಂತ ಹಳೆಯದು!

ಆ ಹದಿನೆಂಟು ವರ್ಷದ ನಡುವೆ ಏನಿತ್ತು ಎಂದು ಕೇಳಿಕೊಂಡರೆ ಅಭಿಮಾನ ಸ್ವಲ್ಪ ತಗ್ಗುತ್ತದೆ. ಧಾತು ಮತ್ತು ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಹೋದರು. ಐದರಲ್ಲಿ ಒಬ್ಬರು ಎನ್ನುವಷ್ಟು. ಆಗ ರೈಲು ಇರಲಿಲ್ಲವೇ? ಇತ್ತು. ಧಾನ್ಯ ತಂದದ್ದೂ ಅದೇ. ಬೆಲೆ ಹೆಚ್ಚಿದ್ದಲ್ಲಿಗೆ ಧಾನ್ಯವನ್ನು ಎಳೆದುಕೊಂಡು ಹೋಗಲು ನೆರವಾದದ್ದೂ ಅದೇ. ಬೆಂಗಳೂರು-ಮೈಸೂರು ಮಾರ್ಗದ ಮಣ್ಣಿನ ಕೆಲಸಕ್ಕೆ 1877ರಲ್ಲಿ ಹಚ್ಚಿದ್ದು ಬರದಲ್ಲಿ ಹಸಿದು ಬಂದ ಜನರನ್ನು. 1882ರಲ್ಲಿ ಮೈಸೂರಿಗೆ ರೈಲು ಮುಟ್ಟಿತು. ಆ ದಾರಿಯಲ್ಲಿ ಕಿಟಕಿ ಪಕ್ಕ ಕೂತು ಮದ್ದೂರು ವಡೆ ತಿನ್ನದ ಬೆಂಗಳೂರಿನವರು ಯಾರಿದ್ದಾರೆ? ಆ ಏರಿಗೆ ಮಣ್ಣು ಹೊತ್ತವರು ಯಾರು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದೂ ರೈಲಿನ ದಾರಿಯಲ್ಲೇ, ಹುಬ್ಬಳ್ಳಿಯ ಕಡೆಯಿಂದ. ಗಾಂಧೀಜಿ 1909ರ 'ಹಿಂದ್ ಸ್ವರಾಜ್'ನಲ್ಲಿ ರೈಲಿನ ಮೇಲೆ ಹೊರಿಸಿದ ಆರೋಪಗಳಲ್ಲಿ ಪ್ಲೇಗ್ ಮತ್ತು ಬರ ಎರಡೂ ಇವೆ. ಓದಿದಾಗ ನಮ್ಮಂಥವರಿಗೆ ಅತಿಯಾಯಿತು ಅನಿಸುತ್ತದೆ. ಆದರೆ ಆ ಮನುಷ್ಯ ಆಮೇಲೆ ಮೂರು ದಶಕ ಈ ದೇಶವನ್ನು ಸುತ್ತಿದ್ದು ರೈಲಿನ ಮೂರನೇ ದರ್ಜೆಯಲ್ಲೇ. ಅಲ್ಲಿಯ ಕೊಳಕು, ಕಷ್ಟಗಳನ್ನು ಕುರಿತು ಬರೆದವರೂ ಅವರೇ. ರೈಲನ್ನು ಬೈದು ರೈಲಿನಲ್ಲೇ ಓಡಾಡಿದರಲ್ಲ ಎಂದು ನಗುವುದು ಸುಲಭ. ರೈಲು ಏನು ಮಾಡುತ್ತದೆ ಎಂಬುದನ್ನು ಡಬ್ಬಿಯ ಒಳಗಿನಿಂದ ನೋಡಿದವರು ಅವರು. ನಾನು ಪ್ಲಾಟ್‌ಫಾರಂ ಮೇಲೆ ನಿಂತು ಹೊಗಳಿದವನು.

*

ಹಾಗಾದರೆ ನಾಚಿಕೆಪಟ್ಟುಕೊಂಡು ಇದನ್ನೆಲ್ಲ ಬಿಟ್ಟುಬಿಡಬೇಕೇ? ಎಂಜಿನಿಯರ್ ಹುಡುಗಿ ಇದನ್ನು ನೇರವಾಗಿಯೇ ಕೇಳಿದಳು. "ಅಂಕಲ್, ಈಗ ನಾವೆಲ್ಲ ಗಿಲ್ಟಿ ಫೀಲ್ ಮಾಡಿದ್ರೆ ಅವರಿಗೆ ಟ್ರೈನ್ ಸಿಗತ್ತಾ?"

ಸಿಗುವುದಿಲ್ಲ. ಅಪರಾಧಿ ಭಾವದಲ್ಲಿ ಒಂದು ಮೋಸವಿದೆ. ಎಂಜಿನ್ ನೋಡುವಾಗ ನಾನು ನನ್ನ ಸಂತೋಷದಲ್ಲಿದ್ದೆ, ಈಗ ನನ್ನ ನಾಚಿಕೆಯಲ್ಲಿದ್ದೇನೆ. ಎರಡೂ ಸಲ ಕಥೆ ನನ್ನದೇ. ಕೆ.ಜಿ.ಎಫ್‌ನ ಆ ಮನುಷ್ಯ ಆಗಲೂ ಹೊರಗೇ, ಈಗಲೂ ಹೊರಗೇ.

ಇನ್ನೊಂದು ಮಾತೂ ಇದೆ. ರೈಲು ಅವರ ಪಾಲಿಗೆ ಬರೀ ಕಷ್ಟವಲ್ಲ. ಬಂಗಾರಪೇಟೆಯಿಂದ ಗಣಿಗಳ ಕಡೆಗೆ 1894ರಲ್ಲಿ ಹಾಕಿದ ಕವಲು ದಾರಿ ಚಿನ್ನಕ್ಕಾಗಿ ಹಾಕಿದ್ದು. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಕಮರ್ಷಿಯಲ್ ಸ್ಟ್ರೀಟಿಗೆ ಹತ್ತಿರವೇ ಇರುವ ದೊಡ್ಡಾಸ್ಪತ್ರೆಗೂ ಮೈಸೂರಿನ ಕಮಿಷನರ್ ಆಗಿದ್ದ ಅದೇ ಬೌರಿಂಗ್ ಸಾಹೇಬನ ಹೆಸರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಸಾಗಿಸಲು ಹಾಕಿದ ದಾರಿ ಅಂದಿನಿಂದ ಮನುಷ್ಯರನ್ನು ಬೆಂಗಳೂರಿಗೆ ಸಾಗಿಸುತ್ತಿದೆ. ಕತ್ತಲಿರುವಾಗಲೇ ಹೊರಟು, ನೂರು ಕಿಲೋಮೀಟರಿನಷ್ಟು ದೂರ ಬಂದು, ಅಂಗಡಿ, ಫ್ಯಾಕ್ಟರಿ, ಆಸ್ಪತ್ರೆ, ಕಟ್ಟಡಗಳಲ್ಲಿ ದುಡಿದು, ರಾತ್ರಿ ಮತ್ತೆ ಮನೆಗೆ. ಆ ಗಾಡಿ ಇಲ್ಲದಿದ್ದರೆ ಒಂದು ಊರು ಪೂರ್ತಿ ವಲಸೆ ಹೋಗುತ್ತಿತ್ತೋ ಏನೋ. "ನಮ್ಮ ಗಾಡಿ" ಎಂದು ಅವರು ಹೇಳಿದಾಗ ದನಿಯಲ್ಲಿದ್ದ ಸಲುಗೆಯನ್ನು ನಾನು ಕೇಳಿದ್ದೇನೆ. ಅದೂ ಪ್ರೀತಿಯೇ. ನನ್ನದಕ್ಕಿಂತ ಬೇರೆ ಬಗೆಯದು, ಅಷ್ಟೇ.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಚಿಕ್ಕಬಳ್ಳಾಪುರ-ಕೋಲಾರ ಮಾರ್ಗದ ನ್ಯಾರೋ ಗೇಜ್ ಹಳಿ ಕೀಳುತ್ತಾರೆ ಎಂದಾಗ ನಾನು ಕಣ್ಣೀರು ಹಾಕಿ ಬರೆದಿದ್ದೆ. ಆಟಿಕೆಯಂಥ ಪುಟ್ಟ ರೈಲು, ನಂದಿ ಬೆಟ್ಟದ ಹಿನ್ನೆಲೆ, ಕಲ್ಲಿನ ಪುಟ್ಟ ನಿಲ್ದಾಣಗಳು. 2013ರಲ್ಲಿ ಆ ಮಾರ್ಗ ಬ್ರಾಡ್ ಗೇಜ್ ಆಗಿ ತೆರೆದ ಮೇಲೆ ಒಮ್ಮೆ ಅದರಲ್ಲಿ ಹೋದೆ. ಪಕ್ಕ ಕೂತ ಹೆಂಗಸು ತರಕಾರಿ ಮೂಟೆಗಳ ನಡುವೆ ಕಾಲು ಮಡಚಿಕೊಂಡು ಕೂತಿದ್ದರು. ಹಳೆಯ ಗಾಡಿ ನೆನಪಿದೆಯಾ ಎಂದು ಕೇಳಿದೆ. "ಅಯ್ಯೋ, ಅದಾ? ನಡ್ಕೊಂಡ್ ಹೋದ್ರೂ ಅದಕ್ಕಿಂತ ಮೊದ್ಲು ಸೇರ್ಕಬೋದಾಗಿತ್ತು ಬಿಡಪ್ಪಾ" ಎಂದು ನಕ್ಕರು. ನಾನು ಪ್ರೀತಿಸಿದ್ದು ಅವರು ಸಹಿಸಿಕೊಂಡ ನಿಧಾನವನ್ನು. ಹಳೆಯ ಗಾಡಿ ಉಳಿಯಬೇಕು ಎಂದು ಬರೆದಾಗ, ಯಾರ ಹೊತ್ತನ್ನು ಖರ್ಚು ಮಾಡಿ ಉಳಿಸಬೇಕು ಎಂಬ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ನಮ್ಮ ಪ್ರೀತಿಯಿಂದ ಯಾರಿಗೂ ನಷ್ಟವಿಲ್ಲ ಎಂಬ ಬ್ಯಾಂಕಿನವನ ಮಾತು ಇಲ್ಲಿ ಬಿದ್ದು ಹೋಗುತ್ತದೆ. ಪ್ರೀತಿ ಮನಸ್ಸಿನೊಳಗೆ ಉಳಿಯುವುದಿಲ್ಲ. ಅದು ಹೀಗೇ ಇರಲಿ ಎಂಬ ಬೇಡಿಕೆಯಾಗುತ್ತದೆ. ಅದರ ಬೆಲೆಯನ್ನು ಬೇರೆಯವರು ಕಟ್ಟುತ್ತಾರೆ.

*

ಇಷ್ಟು ಹೊತ್ತು ಸುಮ್ಮನೆ ಕೂತಿದ್ದವನು ಫೈರ್‌ಮನ್ ಮಗ. ಉಗಿಬಂಡಿ ಎಂದರೆ ನಮ್ಮೆಲ್ಲರಿಗಿಂತ ಅವನಿಗೆ ಹೆಚ್ಚು ಪ್ರಾಣ. ಮೀಟರ್ ಗೇಜಿನ ವೈಪಿ ಎಂಜಿನ್ನುಗಳ ಮೇಲೆ ಅವನ ತಂದೆ ವರ್ಷಗಟ್ಟಲೆ ಕಲ್ಲಿದ್ದಲು ಎತ್ತಿ ಹಾಕಿದವರು.

"ನಮ್ಮಪ್ಪ ಒಂದಿನಾನೂ ಎಂಜಿನ್ ಚೆನ್ನಾಗಿದೆ ಅಂದಿದ್ದು ನಾನು ಕೇಳಿಲ್ಲ," ಎಂದ. "ಮುಂಗೈ ಮೇಲೆ ಸುಟ್ಟ ಕಲೆ. ಬೇಸಿಗೇಲಿ ಡ್ಯೂಟಿ ಮುಗಿಸಿ ಬಂದ್ರೆ ಬಚ್ಚಲಲ್ಲಿ ಅರ್ಧ ಗಂಟೆ ತಣ್ಣೀರು ಸುರ್ಕೊಂಡು ಸುಮ್ನೆ ಕೂತಿರೋರು. ಹೊರಗಡೆ ಇಷ್ಟು ಬಿಸಿಲು, ಮುಂದೆ ಆ ಬೆಂಕಿ."

1974ರ ಮೇ 8ರಿಂದ 27ರವರೆಗೆ ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದಾಗ ಅವನಿಗೆ ಆರು ವರ್ಷ. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್; ಮುಂದೆ ಅವರೇ ರೈಲ್ವೆ ಮಂತ್ರಿಯೂ ಆದರು. ಲಕ್ಷಾಂತರ ಜನ ಕೆಲಸ ನಿಲ್ಲಿಸಿದರು, ಸಾವಿರಾರು ಜನ ಜೈಲಿಗೆ ಹೋದರು, ಕೆಲಸ ಕಳೆದುಕೊಂಡರು. ಬೇಡಿಕೆಗಳಲ್ಲಿ ಒಂದು, ದಿನಕ್ಕೆ ಎಂಟು ಗಂಟೆ ಕೆಲಸ. ಬೇರೆಡೆ ಎಂದೋ ಸಿಕ್ಕಿದ್ದ ಎಂಟು ಗಂಟೆಯ ದಿನವನ್ನು ಎಂಜಿನ್ ಓಡಿಸುವವರು 1974ರಲ್ಲಿ ಕೇಳಬೇಕಾಗಿತ್ತು. "ಆ ಇಪ್ಪತ್ತು ದಿನ ಅಪ್ಪ ಮನೇಲಿ ಇರ್ಲಿಲ್ಲ. ಎಲ್ಲಿದ್ರು ಅಂತ ಅಮ್ಮ ಈಗ್ಲೂ ಹೇಳಲ್ಲ. ರೈಲೆಲ್ಲ ನಿಂತು ರಾತ್ರಿ ಊರು ಎಷ್ಟು ನಿಶ್ಶಬ್ದ ಇತ್ತು ಅನ್ನೋದು ಮಾತ್ರ ನೆನಪಿದೆ. ನಂಗೆ ಭಯ ಆಗೋದು."

ಆಮೇಲೆ ಅವನು ಹೇಳಿದ್ದು ನನ್ನ ಮಟ್ಟಿಗೆ ಅಂದಿನ ಚರ್ಚೆಯ ತಿರುವು. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ತಂದೆಯನ್ನು ಮೈಸೂರಿನ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದ. ಬರುವುದಿಲ್ಲ ಎಂದೇ ಹೇಳಿದ್ದರಂತೆ. ಹೋದ ಮೇಲೆ, ಬಣ್ಣ ಬಳಿದು ನಿಲ್ಲಿಸಿದ್ದ ಹಳೆಯ ಎಂಜಿನ್ ಒಂದರ ಹತ್ತಿರ ನಿಂತರು. ಮಕ್ಕಳು ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇವರು ನಿಧಾನಕ್ಕೆ ಹತ್ತಿ, ಬೆಂಕಿಗೂಡಿನ ಬಾಗಿಲನ್ನು ಎಳೆದು ನೋಡಿದರು. ತುಕ್ಕು ಹಿಡಿದು ಬಿಗಿಯಾಗಿತ್ತು. "ಎಣ್ಣೆ ಹಾಕ್ಬೇಕು ಕಣೋ ಇದಕ್ಕೆ" ಎಂದರು. ಇಳಿಯುವಾಗ, ದುಡಿದು ಮುದಿಯಾದ ಎತ್ತಿನ ಬೆನ್ನು ತಟ್ಟುವ ಹಾಗೆ ಕಬ್ಬಿಣವನ್ನು ಎರಡು ಸಲ ತಟ್ಟಿದರು.

ಆ ಮುದುಕರದು ಪ್ರೀತಿ ಅಲ್ಲವೇ? ಅವರಿಗೆ ದೂರವೂ ಇರಲಿಲ್ಲ, ನಿರ್ಲಿಪ್ತತೆಯೂ ಇರಲಿಲ್ಲ, ಸಿಟ್ಟಂತೂ ಬೇಕಾದಷ್ಟಿತ್ತು. ಎಂಜಿನ್ ಏನು ಕೇಳುತ್ತದೆ, ಯಾರಿಂದ ಕೇಳುತ್ತದೆ ಎಂಬುದು ಮೈಮೇಲಿನ ಕಲೆಗಳಿಂದಲೇ ಗೊತ್ತಿತ್ತು. ಅದೆಲ್ಲ ಗೊತ್ತಿದ್ದೂ ಕೈ ತಟ್ಟಿತು. ಬೆವರನ್ನು ನೆನೆದರೆ ಸೌಂದರ್ಯ ಕರಗಿ ಹೋಗುತ್ತದೆ ಎಂಬ ನಮ್ಮ ಭಯ ಸುಳ್ಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

*

ನಮ್ಮ ಕಾವ್ಯಮೀಮಾಂಸೆಯೂ ದೂರದ ಬಗ್ಗೆ ಮಾತಾಡುತ್ತದೆ. ವಿದ್ಯಾರ್ಥಿಗಳು ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಸಾಧಾರಣೀಕರಣದ ವಿಚಾರ ಓದಿರುತ್ತೀರಿ. ರಂಗದ ಮೇಲೆ ಸೀತೆ ಅತ್ತರೆ ನಮಗೆ ಆಗುವುದು ಲೋಕದ ದುಃಖವಲ್ಲ, ರಸ. ಆ ಅಳು ನನ್ನದೂ ಅಲ್ಲ, ಪಕ್ಕದ ಮನೆಯವರದೂ ಅಲ್ಲ ಎಂಬ ಬಿಡುಗಡೆ ಇರುವುದರಿಂದಲೇ ಅದನ್ನು ಸವಿಯಬಲ್ಲೆವು. ಆದರೆ ಈ ದೂರ ನ್ಯಾಯವಾಗುವುದು ರಂಗಕ್ಕೆ ಮಾತ್ರ. ಪಕ್ಕದ ಮನೆಯಲ್ಲಿ ನಿಜವಾಗಿ ಯಾರೋ ಅಳುತ್ತಿರುವಾಗ ಕಿಟಕಿಯಲ್ಲಿ ನಿಂತು ಕರುಣರಸ ಸವಿಯುವವನನ್ನು ಯಾವ ಆಲಂಕಾರಿಕನೂ ರಸಿಕ ಎಂದು ಕರೆಯಲಾರ.

ಇದರಿಂದ ನನ್ನ ಗೊಂದಲ ಸ್ವಲ್ಪ ತಿಳಿಯಾಯಿತು. ಎಂಜಿನ್ನಿನ ಸದ್ದನ್ನು, ಅದರ ಮೈಕಟ್ಟನ್ನು ದೂರ ನಿಂತು ಸವಿಯುವುದರಲ್ಲಿ ತಪ್ಪಿಲ್ಲ. ಕಬ್ಬಿಣಕ್ಕೆ ನೋವಿಲ್ಲ. ತಪ್ಪು ಆ ದೂರವನ್ನೇ ಡಬ್ಬಿಯೊಳಗಿನವರ ಮೇಲೂ ಎಳೆದುಕೊಂಡು ಹೋಗುವುದರಲ್ಲಿದೆ. ಬಾಗಿಲಲ್ಲಿ ಜೋತು ಬಿದ್ದವರು ದೃಶ್ಯವಾಗಿಬಿಡುತ್ತಾರೆ, ಇಲ್ಲವೇ ದೃಶ್ಯ ಕೆಡಿಸುವವರಾಗುತ್ತಾರೆ. ಎರಡೂ ಒಂದೇ. ಸವಿಯುವವನಿಗೆ ನಮ್ಮವರು ಕೊಟ್ಟ ಹೆಸರು ತಟಸ್ಥ ಎಂದಲ್ಲ, ಸಹೃದಯ ಎಂದು. ದಡದಲ್ಲಿ ನಿಂತವನಲ್ಲ, ಜೊತೆಗೆ ಹೃದಯ ಇರುವವನು.

ಇಂಗ್ಲೆಂಡಿನ ಕಾದಂಬರಿಕಾರ್ತಿ, ತತ್ತ್ವಜ್ಞಾನಿ ಐರಿಸ್ ಮರ್ಡಾಕ್ ಪ್ರೀತಿಯನ್ನು ವಿವರಿಸುವ ಬಗೆ ಇದಕ್ಕೆ ಹತ್ತಿರ. ನನ್ನನ್ನು ಬಿಟ್ಟು ಇನ್ನೊಂದು ನಿಜವಾಗಿ ಇದೆ ಎಂದು ಮನಗಾಣುವುದೇ ಅವರ ಪ್ರಕಾರ ಪ್ರೀತಿ, ಮತ್ತು ಅದು ಬಹಳ ಕಷ್ಟದ ಕೆಲಸ. ಆ ಅಳತೆ ಹಿಡಿದರೆ ನನ್ನ ರೈಲು ಪ್ರೀತಿ ಎಷ್ಟು? ಎಂಜಿನ್ ನಿಜ ಎಂದು ನನಗೆ ಗೊತ್ತಿತ್ತು. ಅದು ಮನುಷ್ಯರನ್ನು ಎಳೆಯುವುದಕ್ಕೆ ಇದೆ ಎಂಬುದು ಗೊತ್ತಿದ್ದೂ ಗೊತ್ತಿರಲಿಲ್ಲ.

ಹಾಗಾದರೆ ಪ್ರೀತಿಸುವವನ ಹೊಣೆ ಏನು? ಹೂವು ನೋಡಿದಾಗೆಲ್ಲ ಗೊಬ್ಬರ ನೆನೆಯಬೇಕಾ ಎಂಬ ಬ್ಯಾಂಕಿನವನ ಪ್ರಶ್ನೆಗೆ ಈಗ ನನ್ನ ಉತ್ತರ ಹೀಗೆ: ಪ್ರತಿ ಸಲ ನೆನೆಯಬೇಕಾಗಿಲ್ಲ. ಆದರೆ ಗೊಬ್ಬರದ ಮಾತು ಬಂದಾಗ ಮುಖ ತಿರುಗಿಸಿದರೆ, ನಾನು ಪ್ರೀತಿಸುತ್ತಿರುವುದು ಗಿಡವನ್ನಲ್ಲ, ನನ್ನ ಮೇಜಿನ ಮೇಲಿನ ಹೂದಾನಿಯನ್ನು. ಒಂದು ವಸ್ತುವನ್ನು ಪ್ರೀತಿಸುತ್ತೇನೆ ಎನ್ನುವವನಿಗೆ ಅದರ ಬಗ್ಗೆ ಇರುವ ಅನನುಕೂಲದ ಸಂಗತಿಗಳನ್ನು ಕೇಳಿಸಿಕೊಳ್ಳುವ ಹೊಣೆ ಉಳಿದವರಿಗಿಂತ ಹೆಚ್ಚು. ರೈಲಿನ ಬಗ್ಗೆ ಏನೂ ಆಸೆ ಇಲ್ಲದವನಿಗೆ 1877ರ ಮಣ್ಣು ಹೊತ್ತವರು ಗೊತ್ತಿಲ್ಲದಿದ್ದರೆ ಅದು ಬರೀ ಅಜ್ಞಾನ. ನನಗೆ ಗೊತ್ತಿಲ್ಲದಿದ್ದರೆ ಅದು ನಾನು ಆರಿಸಿಕೊಂಡದ್ದು. ನೂರು ವಿವರ ಹೆಕ್ಕಿದವನು ಆ ಒಂದನ್ನು ಬಿಟ್ಟೆನಲ್ಲ.

*

ಮುಂದಿನ ಎರಡನೇ ಶನಿವಾರ ಮತ್ತೆ ಸೇರಿದೆವು. ಲೋಕ ಬದಲಾಗಿರಲಿಲ್ಲ, ಬಿಸಿಲು ಇನ್ನಷ್ಟು ಏರಿತ್ತು. ಎಂಜಿನಿಯರ್ ಹುಡುಗಿ ಒಂದು ಕೆಲಸ ಮಾಡಿಕೊಂಡು ಬಂದಿದ್ದಳು. ಸಂಜೆಯಿಂದ ರಾತ್ರಿಯವರೆಗೆ ದಂಡಿನಿಂದ ಬಂಗಾರಪೇಟೆ ಕಡೆ ಹೋಗುವ, ಅಲ್ಲಿ ನಿಲ್ಲುವ ಗಾಡಿಗಳನ್ನೆಲ್ಲ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡ ಮತ್ತು ತಮಿಳಿನಲ್ಲಿ ಬರೆದು ತಂದಿದ್ದಳು. ಯಾವುದು ಯಾವ ದಿನ ಇಲ್ಲ ಎಂಬುದೂ ಅದರಲ್ಲಿತ್ತು. ಸೇಲ್ಸ್‌ಮನ್ ಟೀಗೆ ಬಂದಾಗ ಕೊಟ್ಟಳು. ಅವರು ನೋಡಿ, ಅದರಲ್ಲಿ ಎರಡು ತಿದ್ದಿದರು. "ಇದು ಹೊತ್ತಿಗೆ ಬರಲ್ಲಮ್ಮಾ. ಇದರಲ್ಲಿ ಹತ್ತಕ್ಕೇ ಆಗಲ್ಲ." ಟೈಮ್ ಟೇಬಲ್ ಎಂದರೆ ಪ್ರಾಣ ಬಿಡುವ ನಾವು ಐವರೂ ಪೆನ್ನು ಹಿಡಿದು ಅವರು ಹೇಳಿದ್ದನ್ನು ಬರೆದುಕೊಂಡೆವು.

ಅಂದು ಅವರು ಐದು ನಿಮಿಷ ನಮ್ಮ ಜೊತೆ ಕೂತರು. ಕೂತಿದ್ದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಅಂಗಡಿಯಲ್ಲಿ ಅವರಿಗೆ ಕುರ್ಚಿ ಇಲ್ಲ. ಜವಳಿ ಅಂಗಡಿಗಳ ಕೆಲಸಗಾರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ಸೇರಿಸಬೇಕಾಯಿತು. ದಿನವಿಡೀ ನಿಂತು ಬಟ್ಟೆ ಬಿಚ್ಚಿ ತೋರಿಸಿದವರು ರಾತ್ರಿ ಗಾಡಿಯಲ್ಲೂ ನಿಂತೇ ಹೋಗುತ್ತಾರೆ. "ವೈಟ್‌ಫೀಲ್ಡ್ ದಾಟಿದ ಮೇಲೆ ಕೆಲವು ಸಲ ಸೀಟ್ ಸಿಗ್ತದೆ ಸಾರ್" ಎಂದರು.

ಒಂದು ಹಾಳೆಯಿಂದ ಯಾರ ಬದುಕೂ ಬದಲಾಗುವುದಿಲ್ಲ ಎಂಬುದು ನನಗೂ ಗೊತ್ತು. ನಾನು ಹೇಳುತ್ತಿರುವುದು ಉಪಕಾರದ ಕಥೆಯಲ್ಲ. ನಾವು ವರ್ಷಗಟ್ಟಲೆ ಕೂಡಿಹಾಕಿದ ತಿಳಿವಳಿಕೆ ನಮ್ಮ ಮೇಜಿನಿಂದ ಮೊದಲ ಬಾರಿ ಕೆಳಗೆ ಇಳಿಯಿತು, ಮತ್ತು ಇಳಿದ ಕೂಡಲೇ 'ಅದರಲ್ಲಿ ಎರಡು ತಪ್ಪಿದೆ' ಎಂದು ಗೊತ್ತಾಯಿತು. ಅಷ್ಟು ಸಾಕಾಗಿತ್ತು.

ಸಂಜೆ ಬಿಸಿಲು ಇಳಿದ ಮೇಲೆ ನಾನೂ ಫೈರ್‌ಮನ್ ಮಗನೂ ಶಿವಾಜಿನಗರ ದಾಟಿ ದಂಡು ನಿಲ್ದಾಣಕ್ಕೆ ನಡೆದು ಹೋದೆವು. ಅಭ್ಯಾಸ ಬಲ, ಫೋನ್ ಹೊರಗೆ ಬಂತು. ಗಾಡಿ ಬಂದು, ಜನ ನುಗ್ಗಿ, ಹೊರಟಿತು. ಎಂಜಿನ್ ದಾಟಿತು. ಬೆರಳು ಗುಂಡಿಯ ಹತ್ತಿರ ಹೋದದ್ದು ಅವನಿಗೆ ಕಂಡಿರಬೇಕು.

"ತಡಿ, ಇನ್ನೂ ಇದೆ" ಎಂದ. ಆಮೇಲೆ ಒಂದು ಮಾತು ಹೇಳಿದ. ಗಾಡಿಯ ಕೊನೆಯ ಡಬ್ಬಿಯ ಹಿಂದೆ ದೊಡ್ಡ ಎಕ್ಸ್ ಗುರುತು, ಎಲ್‌ವಿ ಎಂಬ ಫಲಕ, ರಾತ್ರಿಯಾದರೆ ಕೆಂಪು ದೀಪ ಇರುತ್ತದಲ್ಲ, ಅದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳುವುದು ಹಳೆಯ ಪದ್ಧತಿಯಲ್ಲಿ ಸ್ಟೇಷನ್ ಮಾಸ್ತರರ ಕೆಲಸ. ಮುಂದೆ ಎಂಜಿನ್ ಬಂದರೆ ಸಾಲದು. ನಡುವೆ ಯಾವ ಡಬ್ಬಿಯೂ ಕಳಚಿ ಹಿಂದೆ ಉಳಿದಿಲ್ಲ ಎಂದು ಗೊತ್ತಾಗುವ ತನಕ ಗಾಡಿ ಪೂರ್ತಿ ಬಂತು ಎಂದು ಲೆಕ್ಕವಿಲ್ಲ. ಹಿಂದಿನ ಗಾಡಿಗೆ ದಾರಿ ಬಿಡುವ ಹಾಗಿಲ್ಲ.

ಇದು ನನಗೆ ಗೊತ್ತಿಲ್ಲದ ನಿಯಮವೇನಲ್ಲ. ಫೋನ್ ಹಿಡಿದ ಕೈ ಸೋತು ನಡುಗುತ್ತಿತ್ತು. ಡಬ್ಬಿಗಳು ಒಂದೊಂದಾಗಿ ಹಾದವು. ಬಾಗಿಲುಗಳಲ್ಲಿ ಜನ, ಒಳಗೆ ಮಂಕು ದೀಪ, ಯಾರೋ ಯಾರಿಗೋ ಕೈ ಮಾಡಿದರು. ಕೊನೆಯದು ದಾಟುವವರೆಗೆ ನಿಂತಿದ್ದೆ.